ಹಿಮನದಿಯ ಜಮಾ-ಖರ್ಚು: ಯಾವ ಅಳತೆ ಯಾವ ಕೆಲಸಕ್ಕೆ?

"ಗಂಗೋತ್ರಿ ಹಿಮನದಿ ಇನ್ನಷ್ಟು ಹಿಂದೆ ಸರಿಯಿತು" ಅಂತ ಆಗಾಗ ಸುದ್ದಿ ಬರುತ್ತದೆ. ಓದಿದ ಕೂಡಲೇ ಅಷ್ಟು ಮಂಜು ಕರಗಿ ಹೋಯಿತು ಅಂತ ಅಂದುಕೊಳ್ಳುತ್ತೇವೆ. ಆದರೆ ಆ ಸುದ್ದಿಯಲ್ಲಿ ಇರುವುದು ಹಿಮನದಿಯ ಮೂತಿ, ಅಂದರೆ ಅದರ ಕೆಳತುದಿ, ಎಲ್ಲಿದೆ ಅನ್ನುವುದು ಮಾತ್ರ. ಮೂತಿ ತುಂಬ ನಿಧಾನ. ಮೇಲೆ ಬೀಳುವ ಹಿಮ ಕಡಿಮೆಯಾಗಿದ್ದು ಕೆಳಗೆ ಗೊತ್ತಾಗಲು ವರ್ಷಗಳೇ ಬೇಕು. ದೊಡ್ಡ ಹಿಮನದಿಯಾದರೆ ದಶಕಗಳು. ಕಲ್ಲುಮಣ್ಣು ಹೊದ್ದು ಮಲಗಿದ ಹಿಮನದಿಯಂತೂ ಮೂತಿಯನ್ನು ಅಲ್ಲೇ ಇಟ್ಟುಕೊಂಡು ಒಳಗೊಳಗೇ ತೆಳ್ಳಗಾಗುತ್ತಾ ಹೋಗಬಹುದು. ಹಾಗಾಗಿ ಉದ್ದದ ಅಳತೆಯನ್ನು ಈ ಹೋಲಿಕೆಯಿಂದ ಮೊದಲೇ ಪಕ್ಕಕ್ಕಿಡುತ್ತೇನೆ.

ನಮಗೆ ಬೇಕಿರುವುದು ದಾಸ್ತಾನಿನ ಲೆಕ್ಕ. ಒಂದು ವರ್ಷದಲ್ಲಿ ಎಷ್ಟು ಹಿಮ ಬಂತು, ಎಷ್ಟು ಹೋಯಿತು, ಕೊನೆಗೆ ಉಳಿದದ್ದು ಜಾಸ್ತಿಯೋ ಕಡಿಮೆಯೋ? ಇದಕ್ಕೆ ವಿಜ್ಞಾನಿಗಳು ಮಾಸ್ ಬ್ಯಾಲೆನ್ಸ್ ಅನ್ನುತ್ತಾರೆ. ನಾನು ಜಮಾ-ಖರ್ಚು ಅನ್ನುತ್ತೇನೆ.

ಹಳ್ಳಿಮನೆಯ ಕಣಜ ನೆನಪಿಸಿಕೊಳ್ಳಿ. ಒಳಗೆ ಭತ್ತ ಎಷ್ಟಿದೆ ಅಂತ ತಿಳಿಯಲು ಮೂರು ದಾರಿ. ಹಾಕಿದ್ದನ್ನೂ ತೆಗೆದದ್ದನ್ನೂ ಕೊಳಗದಲ್ಲಿ ಅಳೆದು ಬರೆದಿಡಬಹುದು. ಬಗ್ಗಿ ನೋಡಿ, ಭತ್ತದ ಮಟ್ಟ ಎಷ್ಟು ಇಳಿಯಿತು ಅಂತ ಹೇಳಬಹುದು. ಇಲ್ಲವೇ ಇಡೀ ಕಣಜವನ್ನೇ ತೂಗಬಹುದು. ಹಿಮನದಿಗೂ ಮುಖ್ಯವಾಗಿ ಈ ಮೂರೇ ದಾರಿ. ಜೊತೆಗೆ ಒಂದೆರಡು ಅಡ್ಡದಾರಿಗಳಿವೆ.

ಬಿದಿರು ಗಳ ನೆಡುವುದು

ಇದು ಕೊಳಗದ ಲೆಕ್ಕ. ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಕಷ್ಟದ್ದು. ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದೂ ಇದರ ಮೇಲೆಯೇ.

ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿಯಲ್ಲಿ, ಚಂದ್ರಾ ನದಿಯ ಕಣಿವೆಯಲ್ಲಿ ಛೋಟಾ ಶಿಗ್ರಿ ಅನ್ನುವ ಹಿಮನದಿ ಇದೆ. ಉದ್ದ ಸುಮಾರು 9 ಕಿಲೋಮೀಟರ್, ವಿಸ್ತೀರ್ಣ ಸುಮಾರು 15.5 ಚದರ ಕಿಲೋಮೀಟರ್. 2002ರಿಂದ ಅಲ್ಲಿ ವರ್ಷಾವರ್ಷ ಅಳತೆ ನಡೆದಿದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದವರು ಫ್ರಾನ್ಸಿನ ವಿಜ್ಞಾನಿಗಳ ಜೊತೆ ಸೇರಿ ಮಾಡುತ್ತಾ ಬಂದ ಕೆಲಸ ಅದು. ಬಳಸುವ ಮುಖ್ಯ ಸಾಮಾನು ಬಿದಿರು. ಎರಡೆರಡು ಮೀಟರಿನ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ, 10 ಮೀಟರ್ ಆಳದವರೆಗೆ ಮಂಜುಗಡ್ಡೆಯೊಳಗೆ ಇಳಿಸುತ್ತಾರೆ. ತೂತು ಕೊರೆಯುವುದು ಹಬೆಯಿಂದ. ಗ್ಯಾಸ್ ಉರಿಯಲ್ಲಿ ನೀರು ಕಾಯಿಸಿ, ಹಬೆಯನ್ನು ಪೈಪಿನಲ್ಲಿ ಕೊಳವೆಯ ತುದಿಗೆ ಬಿಟ್ಟರೆ ಮಂಜು ಕರಗುತ್ತಾ ದಾರಿ ಬಿಡುತ್ತದೆ. ಬಿದಿರು ಹಗುರ, ಹೊತ್ತು ಹತ್ತಬಹುದು. ಲೋಹದ ಹಾಗೆ ಬಿಸಿಲಿಗೆ ಕಾದು ಸುತ್ತಲಿನ ಮಂಜನ್ನು ಕರಗಿಸುವುದೂ ಇಲ್ಲ.

ಒಂದು ಗಳದ ಮುಂದೆ ನೀವೇ ನಿಂತಿದ್ದೀರಿ ಅಂದುಕೊಳ್ಳಿ. ಸೆಪ್ಟೆಂಬರ್ ಕೊನೆ. ಬೇಸಿಗೆಯ ಕರಗುವಿಕೆ ಮುಗಿದಿದೆ, ಚಳಿಗಾಲದ ಹಿಮ ಇನ್ನೂ ಬಿದ್ದಿಲ್ಲ. ಹಿಮನದಿಯವರ ಹೊಸ ವರ್ಷ ಶುರುವಾಗುವುದು ಇಲ್ಲಿಂದಲೇ. ಹೋದ ವರ್ಷ ಇದೇ ಹೊತ್ತಿಗೆ ಗಳ ಮಂಜಿನಿಂದ ಮೇಲೆ 40 ಸೆಂಟಿಮೀಟರ್ ಕಾಣುತ್ತಿತ್ತು. ಈಗ ಟೇಪು ಹಿಡಿದರೆ 2 ಮೀಟರ್ 90. ಅಂದರೆ ಇಲ್ಲಿ ಎರಡೂವರೆ ಮೀಟರ್ ಮಂಜುಗಡ್ಡೆ ಹೋಗಿದೆ. ಮಂಜುಗಡ್ಡೆ ನೀರಿಗಿಂತ ಹಗುರ, ಆದ್ದರಿಂದ 0.9ರಿಂದ ಗುಣಿಸಬೇಕು. ಬಂದದ್ದು 2.25 ಮೀಟರ್ ನೀರು. ನೋಟ್‌ಬುಕ್ಕಿನಲ್ಲಿ ಬರೆಯುವುದು ಇಷ್ಟೇ. ಆಮೇಲೆ ಮುಂದಿನ ಗಳ.

ಮೇಲ್ಭಾಗದಲ್ಲಿ ಕೆಲಸ ಉಲ್ಟಾ. ಅಲ್ಲಿ ಹಿಮ ಕರಗಿ ಮುಗಿಯುವುದಿಲ್ಲ, ವರ್ಷವರ್ಷ ಒಂದರ ಮೇಲೊಂದು ಪದರ ಕೂರುತ್ತದೆ. ಅಲ್ಲಿ ಗುಂಡಿ ತೋಡಬೇಕು. ಸಲಿಕೆ ಹಿಡಿದು ಬಿಳಿ ಹಿಮ ತೆಗೆಯುತ್ತಾ ಹೋದರೆ ಒಂದು ಕಡೆ ಕೊಳೆಯಾದ ಗಟ್ಟಿ ಗೆರೆ ಸಿಗುತ್ತದೆ. ಅದು ಹೋದ ಬೇಸಿಗೆಯ ಧೂಳು. ಅದರ ಮೇಲಿರುವುದೆಲ್ಲ ಈ ವರ್ಷದ ಜಮಾ. ಗುಂಡಿಯ ಗೋಡೆಗೆ ಒಂದು ಲೋಹದ ಕೊಳವೆ ಚುಚ್ಚಿ ಹಿಮ ತುಂಬಿಕೊಂಡು ತೂಗುತ್ತಾರೆ. ಅರ್ಧ ಲೀಟರಿನ ಕೊಳವೆಯಲ್ಲಿ 210 ಗ್ರಾಂ ಬಂದರೆ ಸಾಂದ್ರತೆ 0.42. ಪದರ 2 ಮೀಟರ್ ದಪ್ಪ ಇದ್ದರೆ 84 ಸೆಂಟಿಮೀಟರ್ ನೀರು ಜಮಾ. ಐದು ಸಾವಿರ ಮೀಟರ್ ಎತ್ತರದಲ್ಲಿ ಉಸಿರು ಸಾಲದೆ ಹತ್ತು ಸಲಿಕೆಗೊಮ್ಮೆ ನಿಲ್ಲುತ್ತಾ ಈ ಗುಂಡಿ ತೋಡಬೇಕು. ಒಂದು ಅಂಕಿಯ ಹಿಂದೆ ಇಷ್ಟು ಬೆವರು ಇರುತ್ತದೆ.

ಹೀಗೆ ಲೆಕ್ಕ ಹಾಕಿದಾಗ 2002ರಿಂದ 2019ರವರೆಗೆ ಛೋಟಾ ಶಿಗ್ರಿ ವರ್ಷಕ್ಕೆ ಸರಾಸರಿ 0.46 ಮೀಟರ್ ನೀರಿನಷ್ಟು ಕಳೆದುಕೊಂಡಿದೆ. ಇಡೀ ಹಿಮನದಿಗೆ ಹರಡಿದರೆ ವರ್ಷಕ್ಕೆ ಸುಮಾರು ಕಾಲು ಟಿಎಂಸಿ. ಪ್ರತಿ ಮಳೆಗಾಲದಲ್ಲಿ ಟಿಎಂಸಿ ಲೆಕ್ಕ ಕೇಳಿ ಬೆಳೆದ ನಮಗೆ ಇದು ಚೆನ್ನಾಗಿ ಅರ್ಥವಾಗುವ ಅಳತೆ ಅಲ್ವಾ?

ಈ ದಾರಿಯ ದೊಡ್ಡ ಗುಣ ಏನೆಂದರೆ ಅದು ವರ್ಷಾವರ್ಷದ ಲೆಕ್ಕ ಕೊಡುತ್ತದೆ. ಕಾರಣವನ್ನೂ ಹೇಳುತ್ತದೆ. ಈ ಸಲ ನಷ್ಟವಾಗಿದ್ದು ಚಳಿಗಾಲದಲ್ಲಿ ಹಿಮ ಕಡಿಮೆ ಬಿದ್ದಿದ್ದಕ್ಕೋ, ಬೇಸಿಗೆ ಸುಟ್ಟಿದ್ದಕ್ಕೋ? ಗಳ ಮತ್ತು ಗುಂಡಿ ಇದನ್ನು ಬೇರ್ಪಡಿಸಿ ತೋರಿಸುತ್ತವೆ. ಸ್ವೀಡನ್ನಿನ ಸ್ಟೋರ್‌ಗ್ಲಾಸಿಯೆರೆನ್ ಹಿಮನದಿಯಲ್ಲಿ 1945-46ರಿಂದ ಇಂಥ ಲೆಕ್ಕ ನಡೆಯುತ್ತಾ ಬಂದಿದೆ. ನಮ್ಮಲ್ಲಿ ಜಿಯಾಲಜಿಕಲ್ ಸರ್ವೇ ಆಫ್ ಇಂಡಿಯಾ 1974ರಲ್ಲೇ ಕಿನ್ನೌರಿನ ಗಾರಾ ಹಿಮನದಿಯಲ್ಲಿ ಇದನ್ನು ಶುರು ಮಾಡಿತು. ಆದರೆ ಆ ಸರಣಿ ಹತ್ತು ವರ್ಷವೂ ಓಡಲಿಲ್ಲ. ಅದು ಇವತ್ತಿನವರೆಗೂ ಬಂದಿದ್ದರೆ ಹಿಮಾಲಯದ ಬಗ್ಗೆ ನಮಗೆ ಎಷ್ಟು ಗೊತ್ತಿರುತ್ತಿತ್ತು ಅಂತ ಯೋಚಿಸಿದರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಇನ್ನು ಕೊರತೆ. ಛೋಟಾ ಶಿಗ್ರಿಯಲ್ಲಿ ಇರುವುದು ಇಪ್ಪತ್ತು ಚಿಲ್ಲರೆ ಗಳ. ಅಂದರೆ ಒಂದೊಂದು ಗಳವೂ ಅರ್ಧ ಚದರ ಕಿಲೋಮೀಟರಿಗಿಂತ ಜಾಸ್ತಿ ಜಾಗದ ಪರವಾಗಿ ಮಾತಾಡಬೇಕು. ಹಾಗಾಗಿಯೇ 0.46ರ ಪಕ್ಕದಲ್ಲಿ 0.40 ಮೀಟರ್ ಆಚೀಚೆ ಆಗಬಹುದು ಅಂತಲೂ ಬರೆದಿರುತ್ತಾರೆ. ಮನುಷ್ಯ ಹೋಗಲಾಗದ ಜಾಗದಲ್ಲಿ ಗಳವೂ ಇರುವುದಿಲ್ಲ. ಪಕ್ಕದ ಹಾಮ್ತಾ ಹಿಮನದಿಯಲ್ಲಿ ಇದೇ ತೊಂದರೆಯಾಯಿತು. ಅದರ ತಲೆಯ ಕಡೆ ಕಡಿದಾದ ಬಂಡೆಗೋಡೆ. ಹಿಮ ಬರುವುದೇ ಅಲ್ಲಿಂದ ಜಾರಿ ಬೀಳುವ ಹಿಮಪಾತದಿಂದ. ಆ ಜಮಾ ಅಳೆಯಲು ಆಗದೆ, ಕೆಳಗಿನ ಖರ್ಚು ಮಾತ್ರ ಲೆಕ್ಕಕ್ಕೆ ಬಂತು. ಸ್ಥಳದ ಅಳತೆಯಲ್ಲಿ ವರ್ಷಕ್ಕೆ ಸುಮಾರು ಒಂದೂವರೆ ಮೀಟರ್ ನಷ್ಟ ಕಂಡಿತು. ಮೇಲಿನಿಂದ ಉಪಗ್ರಹ ಅಳೆದ ಮೇಲ್ಮೈ ಎತ್ತರ ಹೋಲಿಸಿದಾಗ ನಷ್ಟ ಅರ್ಧ ಮೀಟರಿಗೂ ಕಡಿಮೆ. ಸಣ್ಣ ವ್ಯತ್ಯಾಸ ಅಲ್ಲ ಇದು.

ಕಲ್ಲುಮಣ್ಣಿನ ಹೊದಿಕೆಯೂ ತೊಂದರೆಯದೇ. ತೆಳ್ಳಗೆ ಧೂಳು ಕೂತರೆ ಬಿಸಿಲು ಹೀರಿ ಮಂಜು ಬೇಗ ಕರಗುತ್ತದೆ. ದಪ್ಪಗೆ ಕೂತರೆ, ಮೀನಿನ ಐಸ್ ಮೇಲೆ ಮರದ ಹೊಟ್ಟು ಹಾಕಿದ ಹಾಗೆ, ಕರಗುವುದು ನಿಧಾನವಾಗುತ್ತದೆ. ಹತ್ತು ಹೆಜ್ಜೆ ಆಚೆ ನೆಟ್ಟ ಗಳ ಬೇರೆಯೇ ಕಥೆ ಹೇಳುತ್ತದೆ. ಇಂಥ ಹಿಮನದಿಯಲ್ಲಿ ಬರೀ ಗಳವನ್ನು ನಂಬಿ ಕೂರಬೇಡಿ.

ಎತ್ತರ ಹೋಲಿಸುವುದು

ಇದು ಕಣಜದ ಮಟ್ಟ ನೋಡುವ ದಾರಿ. ಹಿಮನದಿಯ ಮೇಲ್ಮೈ ಎತ್ತರದ ನಕ್ಷೆ ಹಿಂದಿನದೊಂದು, ಈಗಿನದೊಂದು. ಒಂದರಿಂದ ಒಂದನ್ನು ಕಳೆದರೆ ಎಷ್ಟು ಇಳಿಯಿತು ಅಂತ ಸಿಗುತ್ತದೆ. ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಸಾವಿರಾರು ಹಿಮನದಿಗಳ ಲೆಕ್ಕ ತೆಗೆಯಬಹುದು. ಹೋಗಲಾಗದ ಕಡಿದಾದ ಜಾಗವೂ ಬಿಟ್ಟುಹೋಗುವುದಿಲ್ಲ.

ಹಳೆಯ ನಕ್ಷೆ ಎಲ್ಲಿಂದ ಬರುತ್ತದೆ ಅನ್ನುವುದು ಸ್ವಾರಸ್ಯದ ವಿಷಯ. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಹೆಕ್ಸಾಗನ್ ಬೇಹುಗಾರಿಕೆ ಉಪಗ್ರಹಗಳು ಫಿಲ್ಮ್ ರೋಲಿನಲ್ಲಿ ಫೋಟೋ ತೆಗೆಯುತ್ತಿದ್ದವು. ಆ ರೋಲನ್ನು ಡಬ್ಬಿಯಲ್ಲಿಟ್ಟು ಪ್ಯಾರಾಚೂಟಿನಲ್ಲಿ ಕೆಳಗೆ ಬಿಡುತ್ತಿದ್ದವು. ಗಾಳಿಯಲ್ಲೇ ವಿಮಾನ ಅದನ್ನು ಹಿಡಿಯುತ್ತಿತ್ತು. ಗುಟ್ಟಾಗಿದ್ದ ಆ ಫೋಟೋಗಳು ಆಮೇಲೆ ಬಿಡುಗಡೆಯಾದವು. ಸೈನ್ಯಕ್ಕಾಗಿ ತೆಗೆದ ಚಿತ್ರಗಳಲ್ಲಿ ಹಿಮಾಲಯದ 1970ರ ದಶಕದ ಎತ್ತರ ಉಳಿದುಕೊಂಡಿತ್ತು. ಅದನ್ನು ಬಳಸಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹಿಮಾಲಯದ ಸುಮಾರು 650 ಹಿಮನದಿಗಳನ್ನು ನೋಡಿತು. 1975ರಿಂದ 2000ರವರೆಗೆ ವರ್ಷಕ್ಕೆ 0.22 ಮೀಟರ್ ನೀರಿನಷ್ಟು ನಷ್ಟ. 2000ದಿಂದ 2016ರವರೆಗೆ 0.43 ಮೀಟರ್. ಹೆಚ್ಚುಕಡಿಮೆ ದುಪ್ಪಟ್ಟು. ಇಷ್ಟು ದೊಡ್ಡ ಚಿತ್ರವನ್ನು ಬಿದಿರು ಗಳ ಯಾವತ್ತೂ ಕೊಡಲಾರದು.

2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ತೆಗೆದ ಎಸ್‌ಆರ್‌ಟಿಎಂ ನಕ್ಷೆ, ಉಪಗ್ರಹದ ಮೇಲಿರುವ ಆಸ್ಟರ್ ಕ್ಯಾಮೆರಾ ಎರಡು ಕೋನದಿಂದ ತೆಗೆದ ಜೋಡಿಚಿತ್ರಗಳು, ನಮ್ಮ ಇಸ್ರೋ 2005ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-1ರ ಚಿತ್ರಗಳು, ಎಲ್ಲವೂ ಈ ಕೆಲಸಕ್ಕೆ ಬರುತ್ತವೆ. ಲೇಸರ್ ಬೆಳಕು ಬಿಟ್ಟು ಎತ್ತರ ಅಳೆಯುವ ಐಸ್‌ಸ್ಯಾಟ್-2 ಉಪಗ್ರಹ ಕೂಡ ಇದೆ, 2018ರಿಂದ. ಅದು ತಾನು ಹಾದುಹೋಗುವ ಗೆರೆಯ ಕೆಳಗಿನದನ್ನು ಮಾತ್ರ ತುಂಬ ನಿಖರವಾಗಿ ನೋಡುತ್ತದೆ. ಇಡೀ ಪ್ರದೇಶದ ಸರಾಸರಿಗೆ ಚೆನ್ನಾಗಿದೆ, ನಿಮ್ಮ ಒಂದು ಸಣ್ಣ ಹಿಮನದಿಗೆ ಸಾಲದು.

ಇಲ್ಲಿ ಎಡವುವ ಜಾಗಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಸಬರು ಎಡವುವುದು ಇಲ್ಲೇ.

ಮೊದಲನೆಯದು ನಕ್ಷೆ ಜಾರುವುದು. ಎರಡು ನಕ್ಷೆಗಳಲ್ಲಿ ಒಂದು ಬರೀ 20 ಮೀಟರ್ ಪಕ್ಕಕ್ಕೆ ಸರಿದಿದ್ದರೂ ಸಾಕು. 30 ಡಿಗ್ರಿ ಇಳಿಜಾರಿನಲ್ಲಿ ಹನ್ನೊಂದು ಮೀಟರಿಗಿಂತ ಜಾಸ್ತಿ ಸುಳ್ಳು ಎತ್ತರ ಹುಟ್ಟುತ್ತದೆ. ಹಿಮನದಿ ವರ್ಷಕ್ಕೆ ಅರ್ಧ ಮೀಟರ್ ಇಳಿಯುವ ಕಡೆ ಇದು ಇಪ್ಪತ್ತು ವರ್ಷದ ನಷ್ಟವನ್ನು ನುಂಗಿಬಿಡುತ್ತದೆ. ಕಂಡುಹಿಡಿಯುವುದು ಸುಲಭ. ಹಿಮನದಿಯನ್ನು ಬಿಟ್ಟು ಸುತ್ತಲಿನ ಬಂಡೆಗುಡ್ಡ ನೋಡಿ. ಒಂದು ದಿಕ್ಕಿನ ಇಳಿಜಾರೆಲ್ಲ ಎದ್ದಂತೆ, ಎದುರು ದಿಕ್ಕಿನವು ಕುಸಿದಂತೆ ಕಂಡರೆ ನಕ್ಷೆ ಜಾರಿದೆ ಅಂತಲೇ ಅರ್ಥ. ಬಂಡೆ ಎಲ್ಲೂ ಹೋಗಿಲ್ಲ. ಅದು ಸೊನ್ನೆಗೆ ಬರುವವರೆಗೆ ಹೊಂದಿಸಿ, ಆಮೇಲೆ ಹಿಮನದಿಯ ಕಡೆ ನೋಡಿ.

ಎರಡನೆಯದು ರೇಡಾರ್. ಒಣ ಹಿಮದೊಳಗೆ ರೇಡಾರ್ ಅಲೆ ಹಲವು ಮೀಟರ್ ಇಳಿದು ಆಮೇಲೆ ತಿರುಗುತ್ತದೆ. ಎಸ್‌ಆರ್‌ಟಿಎಂ ತೆಗೆದದ್ದು ಚಳಿಗಾಲದ ನಡುವೆ. ಅದು ಹೇಳುವ ಎತ್ತರ ನಿಜವಾದ ಮೇಲ್ಮೈಗಿಂತ ಕೆಳಗಿರುತ್ತದೆ. ಇದನ್ನು ಸರಿಪಡಿಸದಿದ್ದರೆ ಆಮೇಲಿನ ನಷ್ಟ ಕಡಿಮೆ ಕಾಣುತ್ತದೆ.

ಮೂರನೆಯದು ಸಾಂದ್ರತೆ. ಕಣಜದಲ್ಲಿ ಭತ್ತ ತೆಗೆಯದೆಯೂ ಮಟ್ಟ ಇಳಿಯುತ್ತದೆ, ಕಾಳು ಒತ್ತಿ ಕೂರುತ್ತದೆ. ಹಿಮವೂ ಹಾಗೇ. ಇಳಿದದ್ದು ಹೊಸ ಹಿಮವೋ ಗಟ್ಟಿ ಮಂಜೋ ಅಂತ ಉಪಗ್ರಹಕ್ಕೆ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಘನ ಮೀಟರಿಗೆ 850 ಕಿಲೋ ಅಂತ ಇಟ್ಟುಕೊಂಡು, 60 ಕಿಲೋ ಆಚೀಚೆ ಬಿಡುತ್ತಾರೆ. ಐದು ವರ್ಷಕ್ಕಿಂತ ಜಾಸ್ತಿ ಅಂತರ ಇದ್ದರೆ ಇದು ನಡೆಯುತ್ತದೆ. ಒಂದೆರಡು ವರ್ಷದ ಅಂತರಕ್ಕೆ ಈ ಅಂಕಿ ಹಾಕಿದರೆ ಉತ್ತರವನ್ನು ನಂಬಲಾಗದು.

ಇನ್ನೊಂದು ಮಾತು. ಮೂತಿಯ ಹತ್ತಿರ 5 ಮೀಟರ್ ಕರಗಿದರೂ ನಕ್ಷೆಯಲ್ಲಿ 1 ಮೀಟರ್ ಮಾತ್ರ ಇಳಿದಂತೆ ಕಾಣಬಹುದು. ಹಿಮನದಿ ಹರಿಯುತ್ತದಲ್ಲ, ಮೇಲಿನ ಮಂಜು ಬಂದು ಜಾಗ ತುಂಬಿರುತ್ತದೆ. ಆದ್ದರಿಂದ ಒಂದು ಗಳದ ಅಂಕಿಯನ್ನೂ ಅದೇ ಜಾಗದ ಎತ್ತರದ ಅಂಕಿಯನ್ನೂ ಪಕ್ಕಪಕ್ಕ ಇಟ್ಟು "ಹೊಂದುತ್ತಿಲ್ಲ" ಅನ್ನಬೇಡಿ. ಹೋಲಿಸುವುದಾದರೆ ಇಡೀ ಹಿಮನದಿಯನ್ನೇ ಹೋಲಿಸಬೇಕು.

ಆಕಾಶದ ತಕ್ಕಡಿ

2002ರ ಮಾರ್ಚಿನಲ್ಲಿ ಗ್ರೇಸ್ ಅನ್ನುವ ಜೋಡಿ ಉಪಗ್ರಹಗಳು ಹಾರಿದವು. ಒಂದರ ಹಿಂದೆ ಒಂದು, ನಡುವೆ ಸುಮಾರು 220 ಕಿಲೋಮೀಟರ್. ಅವಕ್ಕೆ ಟಾಮ್ ಮತ್ತು ಜೆರ್ರಿ ಅಂತಲೇ ಅಡ್ಡಹೆಸರು. ಕೆಳಗೆ ತೂಕ ಜಾಸ್ತಿ ಇರುವ ಕಡೆ ಗುರುತ್ವ ಮುಂದಿನದನ್ನು ತುಸು ಎಳೆಯುತ್ತದೆ, ಅಂತರ ಕೂದಲೆಳೆಗಿಂತ ಕಡಿಮೆ ಬದಲಾಗುತ್ತದೆ. ಅದನ್ನು ಅಳೆದು ನೆಲದ ತೂಕ ತಿಂಗಳು ತಿಂಗಳಿಗೆ ಎಷ್ಟು ಬದಲಾಯಿತು ಅಂತ ಹೇಳುತ್ತಾರೆ. 2017ರಲ್ಲಿ ಆ ಜೋಡಿ ನಿಂತಿತು. 2018ರಲ್ಲಿ ಇನ್ನೊಂದು ಜೋಡಿ ಹಾರಿತು. ಸಾಂದ್ರತೆಯ ಅಂದಾಜೇ ಬೇಡ. ನೇರವಾಗಿ ತೂಕ.

ಗ್ರೀನ್‌ಲೆಂಡಿಗೆ, ಅಂಟಾರ್ಕ್ಟಿಕಾಗೆ, ಅಲಾಸ್ಕಾಗೆ ಇದರಂಥ ಸಾಧನ ಇನ್ನೊಂದಿಲ್ಲ. ಹಿಮಾಲಯಕ್ಕೆ ಮಾತ್ರ ನಾನು ಇದನ್ನು ಒಂಟಿಯಾಗಿ ಬಳಸಿ ಅನ್ನುವುದಿಲ್ಲ. ಈ ತಕ್ಕಡಿ ನೂರಾರು ಕಿಲೋಮೀಟರ್ ಅಗಲದ ತುಂಡನ್ನು ಒಟ್ಟಿಗೆ ತೂಗುತ್ತದೆ. ಹಿಮಾಲಯದ ಕೆಳಗೆ ಪಂಜಾಬ್, ಹರಿಯಾಣದಲ್ಲಿ ಬೋರ್‌ವೆಲ್‌ಗಳು ಅಂತರ್ಜಲ ಎತ್ತುತ್ತಿವೆ. ಆಚೆ ಟಿಬೆಟ್ಟಿನಲ್ಲಿ ಸರೋವರಗಳು ತುಂಬುತ್ತಿವೆ. ತಕ್ಕಡಿಗೆ ಎಲ್ಲವೂ ನೀರೇ. 2012ರಲ್ಲಿ ಪ್ರಕಟವಾದ ಒಂದು ಲೆಕ್ಕ ಏಷ್ಯಾದ ಎತ್ತರದ ಪರ್ವತಗಳ ನಷ್ಟ ವರ್ಷಕ್ಕೆ ಬರೀ 4 ಗಿಗಾಟನ್ (ಒಂದು ಗಿಗಾಟನ್ ಅಂದರೆ ನೂರು ಕೋಟಿ ಟನ್) ಅಂದಿತು. ಅದರ ಪಕ್ಕದಲ್ಲೇ 20 ಗಿಗಾಟನ್ ಆಚೀಚೆ ಅಂತಲೂ ಇತ್ತು. ಪೇಪರುಗಳು 4ನ್ನು ಮಾತ್ರ ಓದಿದವು, 20ನ್ನು ಓದಲಿಲ್ಲ.

ಹಿಮರೇಖೆ ನೋಡಿ ಅಂದಾಜು

ಮೇಲಿನ ಬಿಳಿ ಹಿಮ ಮುಗಿದು ಬರೀ ಮಂಜುಗಡ್ಡೆ ಕಾಣಲು ಶುರುವಾಗುವ ಗೆರೆಯೇ ಹಿಮರೇಖೆ. ಬೇಸಿಗೆಯ ಕೊನೆಯಲ್ಲಿ ಹಿಮನದಿಯ ಎಷ್ಟು ಭಾಗ ಇನ್ನೂ ಬಿಳಿಯಾಗಿದೆ? ಆ ಪಾಲನ್ನು ನೋಡಿ ವರ್ಷದ ಲಾಭನಷ್ಟ ಅಂದಾಜಿಸುವುದು ಈ ದಾರಿ. ಪಶ್ಚಿಮ ಹಿಮಾಲಯದಲ್ಲಿ ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನುವ ಪಾಲು 0.44 ಅಂತ ಹಿಮನದಿ ವಿಜ್ಞಾನಿ ಅನಿಲ್ ಕುಲಕರ್ಣಿ 1992ರಲ್ಲೇ ತೋರಿಸಿದರು. ಅವರು ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದಲ್ಲಿ ಈ ಕೆಲಸ ಮುಂದುವರಿಸಿದರು. ಹಿಮವೇ ಇಲ್ಲದ ನಮ್ಮೂರಿನಿಂದ ಹಿಮಾಲಯಕ್ಕೆ ಇರುವ ಒಂದು ಗಟ್ಟಿ ಕೊಂಡಿ ಇದು.

ಆ 0.44 ಬಂದದ್ದು ಎಲ್ಲಿಂದ ಗೊತ್ತಾ? ಗಾರಾ, ಗೋರ್ ಗಾರಂಗ್ ಹಿಮನದಿಗಳಲ್ಲಿ ಹಿಂದೆ ಯಾರೋ ನೆಟ್ಟ ಗಳಗಳಿಂದ. ಹೋಗಲಾಗದ ಹಿಮನದಿಗೂ ವರ್ಷದ ಅಂದಾಜು ಕೊಡುವ ಅಗ್ಗದ ದಾರಿ ಇದು. ಆದರೆ ಸರಿಯಾದ ವಾರದಲ್ಲಿ ಮೋಡ ಕವಿದರೆ ಚಿತ್ರವೇ ಸಿಗುವುದಿಲ್ಲ. ಬೇಸಿಗೆಯಲ್ಲೇ ಹೊಸ ಹಿಮ ಬಿದ್ದರೆ ರೇಖೆ ಕೆಳಗಿಳಿದು ಮೋಸ ಮಾಡುತ್ತದೆ. ರೇಖೆ ಹಿಮನದಿಯ ನೆತ್ತಿಯನ್ನೂ ದಾಟಿ ಹೋದರೆ ಪಾಲು ಸೊನ್ನೆ, ಅಲ್ಲಿಂದಾಚೆ ಈ ದಾರಿ ಏನನ್ನೂ ಹೇಳುವುದಿಲ್ಲ.

ಹೊಳೆಯ ನೀರು ಅಳೆದು, ಬಿದ್ದದ್ದರಿಂದ ಹರಿದದ್ದನ್ನು ಕಳೆಯುವ ದಾರಿಯೂ ಒಂದಿದೆ. ಎತ್ತರದಲ್ಲಿ ಗಾಳಿಗೆ ಹಿಮ ಮಳೆಮಾಪಕದೊಳಗೆ ಸರಿಯಾಗಿ ಬೀಳುವುದೇ ಇಲ್ಲ. ಅಲ್ಲಿಗೆ ಲೆಕ್ಕ ಕೆಡುತ್ತದೆ. ನೀರಿನ ಅಂಕಿ ಇಟ್ಟುಕೊಳ್ಳಿ, ಅದೊಂದರಿಂದಲೇ ಜಮಾ-ಖರ್ಚು ತೆಗೆಯಬೇಡಿ.

ಹಾಗಾದರೆ ನಿಮಗೆ ಯಾವುದು?

ಎಂ.ಎಸ್ಸಿ. ಪ್ರಾಜೆಕ್ಟಿಗೆ ಆರು ತಿಂಗಳಿದೆ, ದುಡ್ಡಿಲ್ಲ, ಪರ್ವತಕ್ಕೆ ಹೋಗಲಾಗದು ಅಂದರೆ ಎತ್ತರ ಹೋಲಿಕೆಯನ್ನೇ ಹಿಡಿಯಿರಿ. ಎಸ್‌ಆರ್‌ಟಿಎಂ, ಆಸ್ಟರ್, ಐಸ್‌ಸ್ಯಾಟ್-2 ಎಲ್ಲ ಪುಕ್ಕಟೆ ಸಿಗುತ್ತವೆ. ಹತ್ತು ಇಪ್ಪತ್ತು ವರ್ಷದ ಸರಾಸರಿ ಹೇಳಿ. ವರ್ಷಾವರ್ಷದ ಮಾತಾಡಬೇಡಿ.

ಒಂದು ಕಣಿವೆಯ ಹಳ್ಳಿಗಳ ಕಾಲುವೆಗೆ, ಇಲ್ಲವೇ ವಿದ್ಯುತ್ ಯೋಜನೆಗೆ ನೀರಿನ ಲೆಕ್ಕ ಬೇಕಾದರೆ ಗಳ ನೆಡಲೇಬೇಕು. ಅಲ್ಲಿ ಬರುವ ಪ್ರಶ್ನೆ ಈ ಜುಲೈನಲ್ಲಿ ಎಷ್ಟು ನೀರು ಅಂತ. ಅದಕ್ಕೆ ಇಪ್ಪತ್ತು ವರ್ಷದ ಸರಾಸರಿ ಉತ್ತರ ಕೊಡುವುದಿಲ್ಲ.

ಸಮುದ್ರ ಮಟ್ಟದ ಬಗ್ಗೆ, ಜಗತ್ತಿನ ಒಟ್ಟು ನಷ್ಟದ ಬಗ್ಗೆ ಬರೆಯುತ್ತಿದ್ದೀರಾದರೆ ಒಂದೇ ದಾರಿಯ ಅಂಕಿ ಎತ್ತಿಕೊಳ್ಳಬೇಡಿ. ಗಳ, ಎತ್ತರ, ಲೇಸರ್, ತಕ್ಕಡಿ ನಾಲ್ಕನ್ನೂ ಒಟ್ಟುಗೂಡಿಸಿದ ಒಂದು ಲೆಕ್ಕ 2025ರಲ್ಲಿ ಪ್ರಕಟವಾಗಿದೆ. ಅದರ ಪ್ರಕಾರ 2000ದಿಂದ 2023ರವರೆಗೆ ಜಗತ್ತಿನ ಹಿಮನದಿಗಳು ವರ್ಷಕ್ಕೆ ಸರಾಸರಿ 273 ಗಿಗಾಟನ್ ಕಳೆದುಕೊಂಡಿವೆ. ಒಂದು ಗಿಗಾಟನ್ ಅಂದರೆ ಸುಮಾರು 35 ಟಿಎಂಸಿ. ನಮ್ಮ ಕೆಆರ್‌ಎಸ್ ತುಂಬಿದಾಗ 49 ಟಿಎಂಸಿ ಚಿಲ್ಲರೆ. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 195 ಕೆಆರ್‌ಎಸ್.

ಒಂದು ಹಿಮನದಿಯನ್ನು ಹತ್ತಾರು ವರ್ಷ ನೋಡಿಕೊಳ್ಳುವ ಜವಾಬ್ದಾರಿ ನಿಮ್ಮದಾದರೆ ಗಳವೂ ಬೇಕು, ಎತ್ತರವೂ ಬೇಕು. ವರ್ಷಾವರ್ಷ ಗಳ ಓದಿ, ಹತ್ತು ವರ್ಷಕ್ಕೊಮ್ಮೆ ಉಪಗ್ರಹದಿಂದ ತಾಳೆ ನೋಡಿ. ಗಳದಲ್ಲಿ ಪ್ರತಿ ವರ್ಷ ಒಂದೇ ಕಡೆಗೆ ಸಣ್ಣ ತಪ್ಪು ಆಗುತ್ತಿದ್ದರೆ ಹತ್ತು ವರ್ಷದಲ್ಲಿ ಅದು ದೊಡ್ಡದಾಗಿ ಕಾಣುತ್ತದೆ. ಆಗ ಒಟ್ಟು ಮೊತ್ತವನ್ನು ಎತ್ತರದ ಲೆಕ್ಕಕ್ಕೆ ಹೊಂದಿಸಿ. ಯಾವ ವರ್ಷ ಒಳ್ಳೆಯದು, ಯಾವ ವರ್ಷ ಕೆಟ್ಟದ್ದು ಅನ್ನುವ ಏರಿಳಿತವನ್ನು ಮಾತ್ರ ಗಳದಿಂದಲೇ ಉಳಿಸಿಕೊಳ್ಳಿ. ಛೋಟಾ ಶಿಗ್ರಿಯಲ್ಲಿ ಹೀಗೆ ತಾಳೆ ನೋಡಿದಾಗ ಎರಡೂ ಚೆನ್ನಾಗಿ ಹೊಂದಿಕೊಂಡವು.

ಉಪಗ್ರಹ ಇರುವಾಗ ಬಿದಿರು ಯಾಕೆ ಅಂತ ಕೇಳುವವರಿದ್ದಾರೆ. ಉಪಗ್ರಹದ ಚಿತ್ರ ಹಳೆಯದಾದರೂ ಮುಂದೆಂದೋ ತೆಗೆದು ನೋಡಬಹುದು. ಓದದೆ ಬಿಟ್ಟ ಗಳದ ವರ್ಷ ಮತ್ತೆ ಸಿಗುವುದಿಲ್ಲ. ಆದ್ದರಿಂದ ಗಳದ ದಾರಿ ಹಿಡಿಯುವುದಾದರೆ ಬಜೆಟ್ ಬರೆಯುವಾಗಲೇ ಒಂದು ವಿಷಯ ನೋಡಿಕೊಳ್ಳಿ. ವರ್ಷಕ್ಕೆ 4 ಮೀಟರ್ ಕರಗುವ ಜಾಗದಲ್ಲಿ 10 ಮೀಟರಿನ ಗಳ ಮೂರನೇ ಬೇಸಿಗೆಯಲ್ಲಿ ಬುಡ ಕಿತ್ತು ಮಲಗಿರುತ್ತದೆ. ಎರಡನೇ ವರ್ಷವೇ ಪಕ್ಕದಲ್ಲಿ ಹೊಸ ತೂತು ಕೊರೆದಿರಬೇಕು. ಹಬೆ ಡ್ರಿಲ್ಲಿನ ಗ್ಯಾಸ್, ಹೊರುವವರ ಕೂಲಿ, ಹೊಸ ಬಿದಿರು ಎಲ್ಲಕ್ಕೂ ಆ ವರ್ಷದ ಹಣ ಮೊದಲೇ ತೆಗೆದಿಡಿ.